ರಾಮವ್ವನ ಸುಪರ್ದಿಗೆ ಕೊಟ್ಟ ಟಗರು

ರಾಮವ್ವ ನಡೆಯುವುದನ್ನು ನೋಡಿದವರಿಗೆ, ಅವಳ ಮುಂದೆ ಕಣ್ಣಿಗೆ ಕಾಣದ ಒಂದು ಕುರಿಹಿಂಡು ಹೋಗುತ್ತಿದೆಯೆಂದೇ ಅನಿಸಬೇಕು. ಸ್ವಲ್ಪ ದೂರ ನೇರ, ಸ್ವಲ್ಪ ದೂರ ಓರೆ, ಥಟ್ಟನೆ ನಿಂತು ಹಿಂದಕ್ಕೊಂದು ನೋಟ, ನಾಲಿಗೆಯ ತುದಿಯಿಂದ 'ಟರ್‍ರ್' ಎಂಬ ಸದ್ದು, ಮತ್ತೆ ನಡಿಗೆ. ನ್ಯಾಯಾಲಯದ ಉದ್ದನೆಯ ಪಡಸಾಲೆಯಲ್ಲಿ ವಕೀಲರ ಗುಂಪನ್ನೂ ಅವಳು ಹೀಗೆಯೇ ದಾಟುತ್ತಿದ್ದಳು. ಕರಿಯ ಕೋಟಿನವರು ಆ ಸದ್ದಿಗೆ ತಮಗರಿವಿಲ್ಲದೆ ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಪ್ರತಿ ಮಾತಿನ ಕೊನೆಗೂ 'ಕೇಳಿದ್ರಿಲ್ಲೋ?' ಎಂದು ಸೇರಿಸುವುದು ಅವಳ ಇನ್ನೊಂದು ಚಾಳಿ. ಅದನ್ನು ಪ್ರಶ್ನೆಯೆಂದು ತಿಳಿದು 'ಏನಂದಿ?' ಎಂದವರಿಗೆ ಇಡೀ ಮಾತನ್ನು ಮೊದಲಿನಿಂದ ಕೇಳಿಸಿಕೊಳ್ಳುವ ಶಿಕ್ಷೆ.

ಆದರೆ ಅವಳನ್ನು ಕೋರ್ಟಿನ ಚಹದಂಗಡಿಯವನಿಂದ ನ್ಯಾಯಾಧೀಶರವರೆಗೆ ಎಲ್ಲರಿಗೂ ಪರಿಚಿತಳನ್ನಾಗಿ ಮಾಡಿದ್ದು ಅವಳ ಕೈಯಲ್ಲಿದ್ದ ಹಗ್ಗ, ಹಗ್ಗದ ಕೊನೆಯಲ್ಲಿದ್ದ ಟಗರು. ಟಗರೆಂದು ಗೊತ್ತಾಗುತ್ತಿದ್ದುದು ಕೊಂಬಿನಿಂದ ಮಾತ್ರ. ಉಳಿದದ್ದೆಲ್ಲ ಜಡೆಗಟ್ಟಿ ನೆಲಕ್ಕಿಳಿದ ಕರಿಯ ಉಣ್ಣೆ. ಯಾರೋ ಕಂಬಳಿಯ ರಾಶಿಗೆ ನಾಲ್ಕು ಕಾಲು ಹಚ್ಚಿ ಬಿಸಿಲಿಗೆ ಬಿಟ್ಟಂತೆ ಅದು ಏದುಸಿರು ಬಿಡುತ್ತ ಬರುತ್ತಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಇದು ಯಾವ ಊರಿನ ಕೋರ್ಟೆಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು ತಮ್ಮಲ್ಲಿ ಹೀಗೆಲ್ಲ ನಡೆಯುವುದಿಲ್ಲವೆಂದು ನಿರಾಳವಾಗಿ ನಿದ್ದೆ ಹೋಗುತ್ತಾರೆ.

ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬರುವ ಕೆಲವು ತಿಂಗಳ ಮುಂಚೆ, ಒಂದು ನಸುಕಿನಲ್ಲಿ, ರಾಮವ್ವನ ದೊಡ್ಡಿಯಿಂದ ಈ ಟಗರು ಮಾಯವಾಯಿತು. ಹಿಂಡಿಗೆ ಅದೊಂದೇ ಬೀಜದ ಟಗರು. ಮರಿಯಿದ್ದಾಗ ಅವಳ ಕೈಯಿಂದಲೇ ಹಾಲು ಕುಡಿದು ಬೆಳೆದದ್ದು. ಅವಳು ದೂರು ಕೊಟ್ಟಳು. ವಾರದೊಳಗೆ ಠಾಣೆಯಿಂದ ಕರೆ ಬಂತು, ಟಗರು ಸಿಕ್ಕಿತ್ತು. ಕಳ್ಳನೂ ಸಿಕ್ಕಿದ್ದನೆಂದು ಹೇಳಿದರು: ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಚೀಲ ಹೊರುವ ಹಮಾಲಿ ಭೀಮಶ್ಯಾ. ಹಿಂದೊಮ್ಮೆ ಪಂಪ್‌ಸೆಟ್ಟಿನ ವೈರು ಕಳವಿನ ಪ್ರಕರಣದಲ್ಲಿ ಠಾಣೆಯ ಮೆಟ್ಟಿಲು ಹತ್ತಿದ್ದ ಅವನ ಹೆಸರು ಪೊಲೀಸರ ನಾಲಿಗೆಯ ತುದಿಯಲ್ಲಿಯೇ ಇತ್ತು. ಅವನ ತಗಡಿನ ಶೆಡ್ಡಿನಿಂದ ಟಗರನ್ನು ಜಪ್ತು ಮಾಡಿದೆವೆಂದು ಪಂಚನಾಮೆಯಾಯಿತು. ಇಬ್ಬರು ಪಂಚರು ಸಹಿ ಮಾಡಿದರು.

ಜಪ್ತಾದ ಸ್ವತ್ತನ್ನು, ಅಂದರೆ ಮುದ್ದೆಮಾಲನ್ನು, ಕೋರ್ಟಿನ ಕಪಾಟಿನಲ್ಲಿಡುವುದು ರೂಢಿ. ಮೇವು ತಿನ್ನುವ ಮುದ್ದೆಮಾಲನ್ನು ಕಪಾಟಿನಲ್ಲಿಡಲಾಗದೆ ನ್ಯಾಯಾಲಯ ಅದನ್ನು, ವಿಚಾರಣೆ ಮುಗಿಯುವವರೆಗೆ ಕಾಯ್ದುಕೊಂಡಿರಲು, ರಾಮವ್ವನ ಸುಪರ್ದಿಗೆ ಕೊಟ್ಟಿತು. ಗುಮಾಸ್ತ ಮುಚ್ಚಳಿಕೆಯ ಷರತ್ತುಗಳನ್ನು ಓದಿದ: ಮಾರತಕ್ಕದ್ದಲ್ಲ, ಕೇಳಿದಾಗ ಹಾಜರುಪಡಿಸತಕ್ಕದ್ದು, ಸದರಿ ಸ್ವತ್ತಿನ ಸ್ವರೂಪವನ್ನು ಬದಲಾಯಿಸತಕ್ಕದ್ದಲ್ಲ.

"ಸ್ವರೂಪ ಅಂದ್ರ ಏನ್ರಿ?" ಎಂದಳು ರಾಮವ್ವ.

"ಈಗ ಹ್ಯಾಂಗ ಐತಿ, ಹಾಂಗ ಇರಬೇಕು," ಎಂದ ಗುಮಾಸ್ತ, ತಲೆ ಎತ್ತದೆ.

ಅಷ್ಟೇ. ಅಂದಿನಿಂದ ಆ ಟಗರಿನ ಮೈಗೆ ಕತ್ತರಿ ತಾಗಲಿಲ್ಲ. ವರ್ಷಕ್ಕೆರಡು ಸಲ ಇಡೀ ಹಿಂಡಿನ ಉಣ್ಣೆ ಕತ್ತರಿಸುವಾಗ ಇದೊಂದನ್ನು ಬದಿಗೆ ಕಟ್ಟಿಹಾಕಿ, ಬಿಸಿಲೇರಿದಾಗ ಕೊಡಗಟ್ಟಲೆ ನೀರು ಸುರಿದು, ಅದರ ಪಕ್ಕದಲ್ಲಿ ಕುಳಿತು ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಗಂಡ ಸೋಮನಿಂಗ ಹೇಳಿ ಹೇಳಿ ಸೋತ. "ಮುಂದಿನ ಬ್ಯಾಸಗಿಗಿ ಟಗರು ಇರೂದಿಲ್ಲ ನೋಡು, ಕೋರ್ಟ್ ಇರ್ತೈತಿ," ಎಂದನಂತೆ. "ಹೆಬ್ಬಟ್ಟು ಒತ್ತಿದಾಕಿ ನಾನು, ನೀ ಅಲ್ಲ, ಕೇಳಿದಿಲ್ಲೋ?" ಎಂಬುದು ಉತ್ತರ.

'ಕೇಳಿದಾಗ ಹಾಜರುಪಡಿಸತಕ್ಕದ್ದು' ಎಂಬುದಕ್ಕೂ ಅವಳದೇ ಅರ್ಥ. ಯಾವಾಗ ಕೇಳುವರೋ ಯಾರಿಗೆ ಗೊತ್ತು? ಆದ್ದರಿಂದ ಪ್ರತಿ ತಾರೀಖಿಗೂ ಹಾಜರು. ಸಾಕ್ಷಿಯಿಲ್ಲ, ಹೋಗು ಎಂದರು. ವಕೀಲರ ಕಲಾಪ ಬಹಿಷ್ಕಾರ, ಹೋಗು ಎಂದರು. ನ್ಯಾಯಾಧೀಶರ ವರ್ಗಾವಣೆ, ಹೋಗು ಎಂದರು. ಬಸ್ಸಿಗೆ ಹತ್ತಿಸಲು ಕಂಡಕ್ಟರು ಒಪ್ಪದ ಆ ಪ್ರಾಣಿಯೊಂದಿಗೆ ಅವಳು ನಡೆದು ಬಂದಳು, ನಡೆದು ಹೋದಳು.

ಅವಳನ್ನು ಸಾಧ್ವಿಯೆಂದು ಕಲ್ಪಿಸಿಕೊಳ್ಳಬೇಡಿ. ಬಾಯಿ ಬಹಳ. ಕೋರ್ಟಿನ ಮೆಟ್ಟಿಲ ಮೇಲೆ ಭೀಮಶ್ಯಾ ಕಣ್ಣಿಗೆ ಬಿದ್ದರೆ ಸಾಕು, ಸಹಸ್ರನಾಮ ಶುರು.

"ಬಂದೇನೋ ಕಳ್ಳಾ? ಹೊಟ್ಟಿ ತುಂಬೇತೋ, ಇನ್ನೂ ಒಂದು ಬೇಕೋ?"

ಆದರೆ ಟಗರು ಹಗ್ಗ ಜಗ್ಗಿಕೊಂಡು ನೇರ ಅವನ ಬಳಿಗೇ ಹೋಗಿ, ಅವನ ಕೈಯಲ್ಲಿದ್ದ ಚುರಮರಿ ಪೊಟ್ಟಣಕ್ಕೆ ಮೂತಿ ಹಾಕುತ್ತಿತ್ತು.

"ನೋಡ್ರಿ, ನೋಡ್ರಿ! ಟಗರಿಗೂ ಇವನ ಗುರುತ ಐತಿ. ಇನ್ನೆಂಥಾ ಸಾಕ್ಷಿ ಬೇಕು, ಕೇಳಿದ್ರಿಲ್ಲೋ?"

"ಯಕ್ಕಾ, ತಾರೀಖಿಗಿ ಬಂದು ಬಂದು ಇಲ್ಲಿ ಗ್ವಾಡಿಗೂ ನನ್ನ ಗುರುತ ಆಗೇತಿ," ಎನ್ನುತ್ತಿದ್ದ ಭೀಮಶ್ಯಾ. "ನಿನ್ನ ಟಗರು ನಾ ಕದ್ದೇನೋ ಇಲ್ಲೋ ಸಾಹೇಬ್ರು ಹೇಳ್ಲಿ. ಅದು ನನ್ನ ಚುರಮರಿ ಕದಿಯೂದು ಎಲ್ಲಾರೂ ನೋಡಾಕತ್ತಾರ."

ಮೆಟ್ಟಿಲ ಮೇಲಿದ್ದವರೆಲ್ಲ ನಗುತ್ತಿದ್ದರು. ಭೀಮಶ್ಯಾ ಮಾತ್ರ ನಗುತ್ತಿರಲಿಲ್ಲ. ತಾರೀಖಿದ್ದ ದಿನ ಕೂಲಿ ಹೋಗುತ್ತಿತ್ತು. ಯಾರ್ಡಿನಲ್ಲಿ ಚೀಲವೊಂದು ಕಡಿಮೆ ಬಿದ್ದರೆ ಎಲ್ಲರ ಕಣ್ಣು ಮೊದಲು ಅವನ ಕಡೆಗೇ ಹೊರಳುತ್ತಿತ್ತು.

ಅವನ ಪರ ನಿಂತವಳು ಯಾಸ್ಮಿನ, ವಕೀಲಿಕೆಗೆ ಹೊಸಬಳು. ಅದೇ ಕೋರ್ಟಿನ ಹಳೆಯ ವಕೀಲನಾದ ನಾನು, ಈ ಪ್ರಕರಣದಲ್ಲಿ ಅವಳ ಸಂಕಟವೇನೆಂದು ಒಮ್ಮೆ ಕೇಳಿದೆ. ಸಿವಿಲ್ ದಾವೆಯಲ್ಲಿ, ಎದುರಾಳಿ ತನ್ನಲ್ಲಿರುವ ಕಾಗದ ತೋರಿಸಲೆಂದು, ಬರೆದುಕೊಟ್ಟ ಪ್ರಶ್ನೆಗಳಿಗೆ ಪ್ರಮಾಣ ಮಾಡಿ ಉತ್ತರಿಸಲೆಂದು, ನ್ಯಾಯಾಲಯದ ಮೂಲಕ ಕೇಳುವ ದಾರಿಯುಂಟು. ನಮ್ಮ ತಾಲೂಕುಗಳಲ್ಲಿ ಆ ದಾರಿಯ ಮೇಲೆ ಹುಲ್ಲು ಬೆಳೆದಿದೆ. ಕೊನೆಯ ಗಳಿಗೆಯಲ್ಲಿ ಜೇಬಿನಿಂದ ಕಾಗದ ಎಳೆದು ಎದುರಾಳಿಯನ್ನು ಕಕ್ಕಾಬಿಕ್ಕಿ ಮಾಡುವವನೇ ನಮಗೆ ದೊಡ್ಡ ವಕೀಲ. ಕ್ರಿಮಿನಲ್ ಪ್ರಕರಣದಲ್ಲಾದರೆ ಆರೋಪಿ ಕೇಳಬೇಕಾಗಿಯೇ ಇಲ್ಲ. ಅವನ ಮೇಲೆ ಪ್ರಯೋಗಿಸುವ ಹೇಳಿಕೆ, ಪಂಚನಾಮೆಗಳ ನಕಲನ್ನು ವಿಚಾರಣೆಗೆ ಮೊದಲೇ ಅವನ ಕೈಗಿಡಬೇಕು. ಯಾಸ್ಮಿನಳಿಗೂ ಅವು ಸಿಕ್ಕಿದ್ದವು, ಒಂದೂ ಬಿಡದೆ.

"ಬರದದ್ದರ ನಕಲು ನನಗ ಸಿಗ್ತೈತ್ರಿ ಸರ್," ಎಂದಳು. "ಬರೀದೇ ಬಿಟ್ಟದ್ದರ ನಕಲು ಯಾರನ್ನ ಕೇಳ್ಲಿ?"

ಈಗಿನ ಕಾನೂನಿನಲ್ಲಿ ಜಪ್ತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಭೀಮಶ್ಯಾನ ಶೆಡ್ಡಿನ ಜಪ್ತಿ ಅದಕ್ಕಿಂತ ಹಿಂದಿನದು. ಅಲ್ಲಿ ಏನು ನಡೆಯಿತೆಂಬುದಕ್ಕೆ ಇದ್ದದ್ದು ಆ ಎರಡು ಸಹಿ.

ಎರಡನೆಯ ಬೇಸಗೆಯಲ್ಲಿ ಒಂದು ದಿನ ಟಗರು ಕೋರ್ಟಿನ ಅಂಗಳದಲ್ಲಿಯೇ ಕುಸಿದುಬಿತ್ತು. ರಾಮವ್ವನ ಬೊಬ್ಬೆ ಒಳಗೆ ಕೇಳಿ, ಆಗತಾನೇ ವರ್ಗವಾಗಿ ಬಂದಿದ್ದ ನ್ಯಾಯಾಧೀಶರು ಹೊರಗೆ ಬಂದು ನೋಡಿದರು. ಉಣ್ಣೆಯ ಸಂಗತಿ ಕೇಳಿ ತಿಳಿದುಕೊಂಡರು. ಬಳಿಕ, ಎರಡೂ ಕಡೆಯ ವಕೀಲರ ಎದುರು ಫೋಟೋ ತೆಗೆದು ಉಣ್ಣೆ ಕತ್ತರಿಸಲು ಹೇಳಿದರು. ಮೊದಲ ದಿನವೇ ಆಗಬಹುದಾಗಿದ್ದ ಕೆಲಸ. ಕತ್ತರಿ ಬಂದರೂ ರಾಮವ್ವ ಒಪ್ಪಲಿಲ್ಲ. "ಕಾಗದ ಕೊಡ್ರಿ ಮೊದಲ. ನಾಳೆ ರೂಪ ಬದಲಿ ಮಾಡಿದ್ಳು ಅಂತ ನನ್ನ ಮ್ಯಾಲ ಹಾಕ್ತೀರಿ, ಕೇಳಿದ್ರಿಲ್ಲೋ?" ನ್ಯಾಯಾಧೀಶರು ನಗಲಿಲ್ಲ, ಆದೇಶ ಬರೆಸಿ ಉಣ್ಣೆ ತೆಗೆಸಿದರು, ಸಾಕ್ಷಿ ವಿಚಾರಣೆಗೆ ಹತ್ತಿರದ ದಿನವೊಂದನ್ನು ಗೊತ್ತುಮಾಡಿದರು.

ಆ ದಿನ ಬೆಳಿಗ್ಗೆ, ತನಿಖೆಯಲ್ಲಿದ್ದ ಹವಾಲ್ದಾರ ಅವಳನ್ನು ಗೋಡೆಯ ಮರೆಗೆ ಕರೆದ. ಮರೆ ಅವನ ಕಣ್ಣಿಗೆ ಮಾತ್ರ. ಬೆಂಚಿನ ಮೇಲಿದ್ದ ನಮಗೆಲ್ಲ ಕೇಳುತ್ತಿತ್ತು.

"ರಾಮವ್ವ, ಭೀಮಶ್ಯಾನ ಶೆಡ್‌ನಾಗ ಟಗರು ಹಿಡದ್ರು, ನಾನೂ ಅಲ್ಲೇ ಇದ್ದೆ ಅಂತ ಹೇಳು. ಅಷ್ಟ ಸಾಕು."

"ನಾ ಎಲ್ಲಿದ್ದೆ ಅಲ್ಲಿ?"

"ಇದ್ದಿ ಅಂತ ಬರದೈತಿ."

"ಬರದಾವರು ಇದ್ದಿರಬೇಕು."

"ನೋಡಬೇ, ಕೇಸ್ ಬಿದ್ರ ಮಾಲು ಯಾರ ಕೈಯಿಂದ ಜಪ್ತ್ ಆಗೇತಿ ಅವರಿಗೇ ವಾಪಸ್. ಕಾಗದದಾಗ ಭೀಮಶ್ಯಾನ ಹೆಸರೈತಿ. ಟಗರು ಬೇಕೋ ಬ್ಯಾಡೋ?"

ಇದು ಬರೀ ಬೆದರಿಕೆಯಾಗಿರಲಿಲ್ಲ. ಹಾಗೆ ಹಿಂತಿರುಗಿಸುವ ರೂಢಿ ಕೋರ್ಟುಗಳಲ್ಲಿದೆ. ರಾಮವ್ವ ಟಗರಿನ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಅದರ ಕೊಂಬಿನ ಬುಡವನ್ನು ಬೆರಳಿನಿಂದ ಕೆರೆಯುತ್ತ, ಕರೆ ಬರುವವರೆಗೂ ಹಾಗೆಯೇ ಇದ್ದಳು.

ಸರ್ಕಾರಿ ವಕೀಲರು ಮೊದಲು ಟಗರು ತನ್ನದೆಂದು ಅವಳಿಂದಲೇ ಹೇಳಿಸಿದರು. ಆಮೇಲೆ ಕೇಳಿದರು: "ಕಳುವಾದ ಮ್ಯಾಲ ಇದನ್ನ ನೀವು ಮೊದಲ ಎಲ್ಲಿ ನೋಡಿದ್ರಿ?"

"ಠಾಣೆ ಹಿಂದ, ಬೇವಿನ ಗಿಡಕ್ಕ ಕಟ್ಟಿದ್ರು. ಅಲ್ಲಿ ನೋಡೇನ್ರಿ."

"ಆರೋಪಿಯ ಶೆಡ್ಡಿನಲ್ಲಿ ನಿಮ್ಮ ಸಮಕ್ಷಮ ಜಪ್ತು ಮಾಡಿದ್ರು, ಹೌದಲ್ಲ?"

"ಇವನ ಶೆಡ್ ಯಾವ ಓಣ್ಯಾಗ ಐತಿ ಅಂತನೂ ನನಗ ಗೊತ್ತಿಲ್ರಿ."

ಕಟಕಟೆಯಲ್ಲಿದ್ದ ಭೀಮಶ್ಯಾ ತಲೆ ಎತ್ತಿದ. ಹವಾಲ್ದಾರ ಕಿಟಕಿಯಾಚೆ ನೋಡಿದ. ಸರ್ಕಾರಿ ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ತಮ್ಮದೇ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿ ಪಾಟೀಸವಾಲಿಗೆ ಅನುಮತಿ ಕೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ "ಮುದುಕಿ ಉಲ್ಟಾ ಹೊಡದ್ಳು" ಎಂದು ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು.

"ಯಾಂವಂವ ಉಲ್ಟಾ ಅಂದಂವ? ಮೊದಲಿಂದ ಒಂದ ಹೇಳಾಕತ್ತೇನಿ ನಾ!"

ಯಾಸ್ಮಿನ ತನ್ನ ಸರದಿಯಲ್ಲಿ ಮೆಲ್ಲಗೆ ಕೇಳಿದಳು: "ಬೇವಿನ ಗಿಡದ ಮಾತು ಆವತ್ತ ಪೊಲೀಸರಿಗಿ ಹೇಳಿದ್ರೇನ್ರಿ?"

"ಹೇಳಲಾರದ ಏನ್ ಮಾಡ್ಲೆವ್ವ? 'ಇಲ್ಲೇ ಕಟ್ಟೀರಲ್ಲ, ಯಾರು ತಂದು ಬಿಟ್ರು' ಅಂತ ಕೇಳೇನಿ. 'ಅದೆಲ್ಲಾ ಬರಿಯೂದು ಬ್ಯಾಡ, ಹೆಬ್ಬಟ್ಟು ಒತ್ತು' ಅಂದ್ರು." ಬಳಿಕ ನ್ಯಾಯಾಧೀಶರ ಕಡೆ ತಿರುಗಿ, ಯಾರೂ ಕೇಳದಿದ್ದರೂ ಸೇರಿಸಿದಳು: "ಆದ್ರ ಸಾಹೇಬ್ರ, ಕದ್ದಂವ ಇಂವನ. ಮಾರಿ ನೋಡ್ರಿ ಇವಂದು."

"ನಿಮ್ಮ ಅಭಿಪ್ರಾಯ ಬೇಡಮ್ಮ. ನೋಡಿದ್ದನ್ನಷ್ಟೇ ಹೇಳಿ."

"ನೋಡಿದ್ದು ಹೇಳಿ ಮುಗಸೇನ್ರಿ. ಇದು ಮ್ಯಾಲಿಂದು."

ಪಂಚರಿಬ್ಬರೂ ಚಹದಂಗಡಿಯಲ್ಲಿ ಸಹಿ ಮಾಡಿದವರೆಂದು ಮುಂದಿನ ತಾರೀಖಿನಲ್ಲಿ ಬಯಲಾಯಿತು. ಭೀಮಶ್ಯಾ ಬಿಡುಗಡೆಯಾದ. ಟಗರನ್ನು ಠಾಣೆಯ ಹಿಂದೆ ಯಾರು ತಂದು ಕಟ್ಟಿದರೆಂದು ಇಂದಿಗೂ ಯಾರೂ ವಿಚಾರಿಸಿಲ್ಲ, ಹಮಾಲಿಯೊಬ್ಬನ ಎರಡು ವರ್ಷ ನುಂಗಿದ್ದಕ್ಕೆ ಯಾರೂ ಕ್ಷಮೆ ಕೇಳಿಲ್ಲ, ಹವಾಲ್ದಾರನಿಗೆ ಬಡ್ತಿಯಾಗಿದೆ.

ತೀರ್ಪಿನ ದಿನ ಟಗರಿನ ಮಾತು ಉಳಿದಿತ್ತು. ಕಾಗದದ ಪ್ರಕಾರ ಅದು ಆರೋಪಿಯಿಂದ ಜಪ್ತಾದದ್ದು. ನ್ಯಾಯಾಧೀಶರು ಭೀಮಶ್ಯಾನನ್ನು ನೇರವಾಗಿ ಕೇಳಿದರು: ಟಗರಿನ ಮೇಲೆ ನಿನ್ನ ಹಕ್ಕೇನಾದರೂ ಇದೆಯೇ? ಅವನು ತಡೆದ. ಹೂಂ ಎಂದಿದ್ದರೆ ಕಳೆದ ಕೂಲಿಯೆಲ್ಲ ಒಂದು ಹಗ್ಗದ ತುದಿಯಲ್ಲಿ ಕೈಗೆ ಬರುತ್ತಿತ್ತು. ಬೈಗುಳಕ್ಕೂ ಲೆಕ್ಕ ಚುಕ್ತಾ ಆಗುತ್ತಿತ್ತು. ರಾಮವ್ವ ಬಾಗಿಲ ಬಳಿ, ಎರಡೂ ಕೈಯಲ್ಲಿ ಸೆರಗು ಹಿಡಿದು ನಿಂತಿದ್ದಳು.

"ನಂದಲ್ರಿ ಸಾಹೇಬ್ರ," ಎಂದ ಕೊನೆಗೆ. "ಎಂದೂ ನಂದಿದ್ದಿಲ್ಲ. ಆ ಯಮ್ಮನ ಬಾಯಿ ಕೂಡ ಬಾಳೇ ಮಾಡೂದು ಆ ಟಗರಿಗಷ್ಟ ಆಗ್ತೈತಿ."

ಟಗರು ರಾಮವ್ವನಿಗೇ ಎಂದು ಆದೇಶವಾಯಿತು. ಹೊರಗೆ ಬಂದಾಗ ಅವಳು ಭೀಮಶ್ಯಾನಿಗೆ ಕೈ ಮುಗಿಯಲಿಲ್ಲ, ತಪ್ಪಾಯಿತೆನ್ನಲಿಲ್ಲ. "ಕಳ್ಳ ಅದಿ ನೀ, ನನಗ ಗೊತ್ತೈತಿ," ಎಂದಳು. ನಂತರ, "ಮುಂಜಾನಿಂದ ಏನರ ತಿಂದೀಯೋ ಇಲ್ಲೋ?" ಎಂದು ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಅವನ ಮುಂದೆ ಚಾಚಿದಳು. ಅವನು ತೆಗೆದುಕೊಂಡ.

ರಾಮವ್ವನಂಥವರನ್ನು ಸತ್ಯಸಂಧರ ಸಾಲಿಗೆ ಸೇರಿಸಿ ಹಾರ ಹಾಕಲು ನನಗೆ ಸಂಕೋಚವಾಗುತ್ತದೆ. ಅವರು ಜಗಳಗಂಟರು, ಹಟಮಾರಿಗಳು. ನಿರಪರಾಧಿಯೊಬ್ಬನನ್ನು ಜೀವಮಾನವಿಡೀ ಕಳ್ಳನೆಂದು ನಂಬಿ ಬೈಯಬಲ್ಲವರು. ಆದರೆ ತಾವು ನಂಬಿದ್ದು ಒಂದು, ತಾವು ಕಂಡದ್ದು ಇನ್ನೊಂದು ಎಂಬ ಗೆರೆಯನ್ನು ಅವರು ದಾಟರು. ನಂಬಿಕೆ ಎಷ್ಟೇ ಗಟ್ಟಿಯಾಗಿರಲಿ, ಕಾಣದ್ದನ್ನು ಕಂಡೆನೆನ್ನಲು ಅವರ ನಾಲಿಗೆ ಹೊರಳದು, ತಮ್ಮ ಪ್ರಾಣದಂಥ ವಸ್ತು ಕೈತಪ್ಪುವುದಿದ್ದರೂ ಹೊರಳದು. ಸಾಕ್ಷಿಯೆಂಬುದು ಒಂದು ಪಕ್ಷಕ್ಕೆ ಸೇರಿದ ಸೊತ್ತೆಂಬ ವಿದ್ಯೆ ಅವರಿಗೆ ಹತ್ತುವುದೇ ಇಲ್ಲ. ನಮ್ಮ ನ್ಯಾಯಾಲಯಗಳ ಗೋಡೆ ಇನ್ನೂ ನಿಂತಿರುವುದು ಇಂಥವರ ಹೆಗಲ ಮೇಲೆ. ಅದೇ ಗೋಡೆಯೊಳಗೆ, ಆ ದಿನದ ದಾಖಲೆಯಲ್ಲಿ, ರಾಮವ್ವನ ಹೆಸರಿನ ಮುಂದೆ 'ಪ್ರತಿಕೂಲ ಸಾಕ್ಷಿ' ಎಂದು ಬರೆದಿದ್ದಾರೆ.