ಚಿಕ್ಕ ಟೀಚರಿಗೆ ಬಾರದ ಭಾಷೆ

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಮಾತು ಅವಳಿಗೆ ಮೊದಲ ದಿನವೇ ಅರ್ಥವಾಯಿತು. ಟೀಚರ್ ಟ್ರೈನಿಂಗಿನ ಕೊನೆಯ ವರ್ಷ, ಕಾಲೇಜಿನವರು ಚೆನ್ನಾಗಿ ಅಂಕ ತೆಗೆದ ಕೆಲವರನ್ನು ಆರಿಸಿ ಪಾಠ ಮಾಡುವ ಅಭ್ಯಾಸಕ್ಕೆಂದು ಪರದೇಶದ ಶಾಲೆಗಳಿಗೆ ಕಳಿಸಿದ್ದರು. ಅವರಲ್ಲಿ ಇವಳೂ ಒಬ್ಬಳು. ಅಲ್ಲಿನ ಭಾಷೆಯನ್ನು ಪುಸ್ತಕದಿಂದ ಅರೆದು ಕುಡಿದಿದ್ದಳು. ಆದರೇನು, ಒಂದನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ‘ಹಾಡಿ’ ಅನ್ನುವುದಕ್ಕೆ ಒಂದಕ್ಷರ ತಪ್ಪಿ, ಅಲ್ಲಿನ ಮಾತಿನಲ್ಲಿ ‘ಹಾರಿ’ ಅಂದುಬಿಟ್ಟಳು. ಇಡೀ ಕ್ಲಾಸು ಬೆಂಚು ಬಿಟ್ಟು ಹಾರಿತು.

ಮಕ್ಕಳು ನಕ್ಕವು, ಮರೆತವು. ದೊಡ್ಡವರು ಹಾಗೆ ಮರೆಯಲಿಲ್ಲ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಕಾಫಿ ಕಪ್ಪು ಹಿಡಿದುಕೊಂಡು, “ಏನು ಚಿಕ್ಕ ಟೀಚರ್, ಇವತ್ತು ಹಾಡೋದೋ ಹಾರೋದೋ?” ಅಂದರು. ಅವರ ಮಾತಿನಲ್ಲಿ ವಿಷವೇನೂ ಇರಲಿಲ್ಲ. ಆದರೂ ಎಲ್ಲರ ಜೊತೆ ತಾನೂ ನಗುವಾಗ ಇವಳ ಕಿವಿ ಬಿಸಿಯಾಯಿತು. ಕ್ಲಾಸಿನ ಟೀಚರನ್ನು ಮಕ್ಕಳು ‘ದೊಡ್ಡ ಟೀಚರ್’ ಅನ್ನುತ್ತಿದ್ದವು. ಇವಳು ‘ಚಿಕ್ಕ ಟೀಚರ್’ ಆದಳು.

ಅವಳು ಉಳಿದುಕೊಂಡಿದ್ದು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಪರದೆ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿ ಹಳಬಳು.

“ಅದಕ್ಕೇ ಹೇಳೋದು, ನಮ್ಮ ಮಾತು ಮನೆ ಬಾಗಿಲಲ್ಲೇ ಬಿಟ್ಟು ಹೋಗು ಅಂತ,” ಅಂದಳು ಚಿಕ್ಕಮ್ಮ, ಶಾಲೆಯ ಕಥೆ ಕೇಳಿ. “ಅಂಗಡೀಲಿ ನಾನು ನಮ್ಮ ಭಾಷೆ ತುಟಿ ಮೇಲೆ ತರಲ್ಲ. ತಂದ್ರೆ, ಇವಳಿಗೆ ಏನೂ ಬರಲ್ಲ ಅಂತ ಕತ್ತರಿ ಕಿತ್ಕೊಂಡು ಮೂಟೆ ಹೊರಿಸ್ತಾರೆ.”

ಗುಬ್ಬಿ ಅನ್ನುವ ಪುಟ್ಟ ಹುಡುಗಿ ಅದೇ ಒಂದನೇ ಕ್ಲಾಸಿಗೆ ಸೇರಿದ್ದು ಅದಾದ ಕೆಲವು ದಿನಕ್ಕೆ. ಅದು ಅವರಮ್ಮ ಕರೆಯುತ್ತಿದ್ದ ಹೆಸರು. ಸಣ್ಣ ಮೂತಿ, ಎರಡು ಜಡೆ, ಮೊಣಕಾಲಿಗೆ ಬರುವಷ್ಟು ದೊಡ್ಡ ಚೀಲ. ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿ ಬಂದಿದ್ದರು. ಆ ಮಗುವಿಗೆ ಅಲ್ಲಿನ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಚಿಕ್ಕ ಟೀಚರ್ ಕಾರಿಡಾರಿನ ಮೂಲೆಯಲ್ಲಿ ನಿಂತು ಫೋನಿನಲ್ಲಿ, “ಆಯ್ತು ಚಿಕ್ಕಮ್ಮ, ಬರ್ತಾ ಹಾಲು ತರ್ತೀನಿ, ಇಡ್ಲಾ?” ಅನ್ನುತ್ತಿದ್ದಳು. ತಿರುಗಿದರೆ ಗುಬ್ಬಿ. ಮಗುವಿನ ಮುಖ ಊರಗಲ ಅರಳಿತ್ತು.

“ಅಕ್ಕಾ! ನೀವು ನಮ್ಮೋರಾ?”

ಅಷ್ಟರಲ್ಲಿ ಸ್ಟಾಫ್ ರೂಮಿನ ಬಾಗಿಲು ತೆರೆಯಿತು. ದೊಡ್ಡ ಟೀಚರ್, ಹಿಂದೆಯೇ ಡ್ರಾಯಿಂಗ್ ಮೇಷ್ಟ್ರು. ಇಂಥ ಮಕ್ಕಳು ಬಂದರೆ ಇಡೀ ಕ್ಲಾಸು ಹಿಂದೆ ಬೀಳುತ್ತೆ ಅಂತ ಆ ಮೇಷ್ಟ್ರು ಬೆಳಿಗ್ಗೆ ತಾನೇ ಗೊಣಗಿದ್ದರು.

“ಓ, ನಿಮ್ಮದೂ ಇದೇ ಭಾಷೆಯಾ?” ದೊಡ್ಡ ಟೀಚರ್ ಆಸೆಯಿಂದ ಕೇಳಿದರು.

“ಅಲ್ಲ,” ಅಂದಳು ಚಿಕ್ಕ ಟೀಚರ್. “ನಮ್ಮ ಪಕ್ಕದ ನಾಡಿನವರದು. ಒಂದೆರಡು ಮಾತು ತಿಳಿಯುತ್ತೆ, ಅಷ್ಟೆ.”

ಅಷ್ಟು ಸಲೀಸಾಗಿ ಬಂತು ಸುಳ್ಳು. ಅಂದು ಮೊದಲ ಬಾರಿಗೆ ಉಚ್ಚಾರ ಒಂದಿಷ್ಟೂ ತಪ್ಪಲಿಲ್ಲ. ಅವರು ಅತ್ತ ಹೋದಮೇಲೆ ಅವಳು ಗುಬ್ಬಿಯ ಕಿವಿಯ ಹತ್ತಿರ ಬಗ್ಗಿ, “ಶಾಲೇಲಿ ನಮ್ಮ ಭಾಷೆ ಆಡಬಾರ್ದು ಪುಟ್ಟಾ, ಆಯ್ತಾ?” ಅಂತ ಪಿಸುಗುಟ್ಟಿದಳು. ಗುಬ್ಬಿ ಜಾಣೆಯಂತೆ ತಲೆಯಾಡಿಸಿತು.

ಆಮೇಲಿನ ದಿನಗಳಲ್ಲಿ, ಗುಬ್ಬಿ ಬೇಕಾದ್ದನ್ನು ಬೆರಳಿಟ್ಟು ತೋರಿಸಲೆಂದು, ದೊಡ್ಡ ಟೀಚರ್ ಕೂತು ರಟ್ಟಿನ ತುಂಡುಗಳ ಮೇಲೆ ಚಿತ್ರ ಬರೆದರು. ನೀರಿನ ಲೋಟ, ಹೊಟ್ಟೆನೋವು, ಕಕ್ಕಸು, ಮನೆ. ಅವರ ಕೈಯಲ್ಲಿ ಚಿತ್ರ ಒಲಿಯುತ್ತಿರಲಿಲ್ಲ. ಹೊಟ್ಟೆನೋವಿನ ಹುಡುಗಿ ಕುಂಬಳಕಾಯಿಯಂತಿದ್ದಳು. “ಪಾಪದ್ದು, ಒಳಗೊಳಗೇ ಏನೇನು ಅಂದ್ಕೊಳ್ತಿದೆಯೋ,” ಅನ್ನುತ್ತಾ ಬಣ್ಣ ತುಂಬುತ್ತಿದ್ದರು. ಚಿಕ್ಕ ಟೀಚರ್ ಪಕ್ಕದಲ್ಲಿ ನಿಂತು ಒಂದೊಂದೇ ಬಣ್ಣದ ಕಡ್ಡಿ ಕೊಡುತ್ತಿದ್ದಳು. ಈಗ ಹೇಳಿಬಿಡಲೇ ಅಂತ ಎಷ್ಟೋ ಸಲ ಗಂಟಲವರೆಗೆ ಬಂತು. ಆದರೆ ಹೇಳಿದರೆ ಮೊದಲು ಯಾಕೆ ಇಲ್ಲ ಅಂದೆ ಎಂಬುದನ್ನೂ ಹೇಳಬೇಕಲ್ಲ. ದಿನ ಕಳೆದಷ್ಟೂ ಆ ಎರಡನೆಯದು ಭಾರವಾಗುತ್ತಾ ಹೋಯಿತು.

ಪಾಠ ನೋಡಿ ಅಂಕ ಹಾಕಲು ಪರೀಕ್ಷಕರು ಬರುವ ದಿನ ಬಂತು. ಕ್ಲಾಸು ಒಪ್ಪವಾಗಿ ಕಾಣಲೆಂದು ಚಿಕ್ಕ ಟೀಚರ್ ಬೆಳಿಗ್ಗೆಯೇ ಮೇಜು ಒರೆಸಿ, ಆ ರಟ್ಟಿನ ಚಿತ್ರಗಳನ್ನೂ ಎತ್ತಿ ಬೀರುವಿನೊಳಗೆ ಇಟ್ಟಳು. ದೊಡ್ಡ ಟೀಚರನ್ನು ಪಕ್ಕದ ಕ್ಲಾಸು ನೋಡಿಕೊಳ್ಳಲು ಕರೆದಿದ್ದರು. ಪರೀಕ್ಷಕರು ಹಿಂದೆ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತರು.

ಮೊಳಕೆಯೊಡೆದ ಬೀಜದ ಪಾಠ. ಮಕ್ಕಳು ಹತ್ತಿಯಲ್ಲಿ ಇಟ್ಟಿದ್ದ ಕಾಳನ್ನು ಬಗ್ಗಿ ಬಗ್ಗಿ ನೋಡಿ ಕೇಳಿದ್ದಕ್ಕೆಲ್ಲ ಕೈ ಎತ್ತುತ್ತಿದ್ದವು. ಮಾತು ಎಲ್ಲೂ ಎಡವಲಿಲ್ಲ. ಗೆದ್ದೆ ಅಂದುಕೊಳ್ಳುವ ಹೊತ್ತಿಗೆ ಯಾರೋ ತೋಳು ಜಗ್ಗಿದರು.

“ಅಕ್ಕಾ...” ಗುಬ್ಬಿ ತೀರ ಮೆಲ್ಲಗೆ ಅಂದಿತು. “ಒಂದಕ್ಕೆ ಬಂದಿದೆ.”

ಕಾಲಿಗೆ ಕಾಲು ಹೆಣೆದು ನಿಂತಿತ್ತು ಮಗು. ಹಿಂದಿನ ಸಾಲಿನಲ್ಲಿ ಪರೀಕ್ಷಕರು ತಲೆ ಎತ್ತಿದರು.

ಚಿಕ್ಕ ಟೀಚರ್ ನಗುಮುಖ ಮಾಡಿ, ಅಲ್ಲಿನ ಭಾಷೆಯಲ್ಲೇ, “ಈಗ ಕೂತ್ಕೋ ಮರಿ,” ಅಂದು ಬೆಂಚಿನ ಕಡೆ ಕೈ ತೋರಿಸಿದಳು.

ಗುಬ್ಬಿ ಅವಳ ಮುಖ ನೋಡಿತು. ಚಿತ್ರಗಳಿರುತ್ತಿದ್ದ ಮೇಜು ನೋಡಿತು. ಆಮೇಲೆ ಹೋಗಿ ಕೂತಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಹುಡುಗಿ ಕಾಲು ಮೇಲೆತ್ತಿಕೊಂಡು ಕಿರುಚಿದಳು: “ಟೀಚರ್, ನೀರು!” ಅದು ನೀರಲ್ಲ ಅಂತ ಗೊತ್ತಾಗಿ ಮಕ್ಕಳು ಹೋ ಎಂದವು. ಗುಬ್ಬಿ ಅಳಲಿಲ್ಲ. ಕೈಯಲ್ಲಿದ್ದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿತ್ತು. ಗಲಾಟೆ ಕೇಳಿ ದೊಡ್ಡ ಟೀಚರ್ ಓಡಿಬಂದು, ತಮ್ಮ ಸ್ವೆಟರ್ ಬಿಚ್ಚಿ ಮಗುವಿನ ಸೊಂಟಕ್ಕೆ ಸುತ್ತಿ ಎತ್ತಿಕೊಂಡು ಹೋದರು.

“ಭಾಷೆ ಬಾರದ ಮಗು, ನೀವಾದರೂ ಏನು ಮಾಡೋಕಾಗುತ್ತೆ?” ಅಂದರು ಪರೀಕ್ಷಕರು. “ಪಾಠ ತುಂಬಾ ಚೆನ್ನಾಗಿತ್ತು.”

ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಟ್ಟೆ ತಂದು ನೆಲ ಒರೆಸಿದಳು.

ಸಂಜೆ ಗುಬ್ಬಿಯ ಅಮ್ಮ ಕ್ಲಾಸಿಗೆ ಬಂದಳು. ದೊಡ್ಡ ಟೀಚರ್ ಒದ್ದೆ ಬಟ್ಟೆಯ ಚೀಲ ಕೊಟ್ಟು, ಕೈಸನ್ನೆಯಲ್ಲಿ ಪರವಾಗಿಲ್ಲ, ಪರವಾಗಿಲ್ಲ ಅನ್ನುತ್ತಿದ್ದರು. ಮಾತು ತಿಳಿಯದ ಆಕೆ ಒದ್ದೆ ಬಟ್ಟೆ ಕಂಡು ಮಗಳನ್ನು ಅಲುಗಿಸಿದಳು. “ಕೇಳೋಕೆ ಬಾಯಿರ್ಲಿಲ್ವೇನೇ ನಿಂಗೆ? ಇಷ್ಟು ದೊಡ್ಡವಳಾಗಿ ಮಾನ ಕಳೀತೀಯಲ್ಲ!”

“ಕೇಳ್ದೆ ಅಮ್ಮ. ನಮ್ಮ ಭಾಷೇಲಿ ಕೇಳ್ಬಿಟ್ಟೆ. ಇಲ್ಲಿ ಆಡಬಾರ್ದು ಅಂತ ಅಕ್ಕ ಹೇಳಿದ್ರು, ನಂಗೇ ಮರ್ತೋಯ್ತು.”

ಅಮ್ಮ ಚಿಕ್ಕ ಟೀಚರ್ ಕಡೆ ತಿರುಗಿ ಕೈ ಮುಗಿದಳು, ತನ್ನ ಮಗಳ ತಪ್ಪಿಗೆ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು ಚಿಕ್ಕ ಟೀಚರಿಗೆ. ಭೂಮಿ ಬಿಡಲಿಲ್ಲ, ತಾನೇ ಬಿಡಬೇಕಾಯಿತು.

“ಅಮ್ಮಾ, ಕೈ ಮುಗೀಬೇಡಿ,” ಅಂದಳು, ಎಲ್ಲರೆದುರು, ಗಟ್ಟಿಯಾಗಿ. “ಮಗು ಸರಿಯಾಗೇ ಕೇಳ್ತು. ನಂಗೆ ಅರ್ಥಾನೂ ಆಯ್ತು. ನಾನೇ ಕಳಿಸಲಿಲ್ಲ. ಇದು ನಂದೂ ಭಾಷೆ.” ಆಮೇಲೆ ಅದನ್ನೇ ತಡವರಿಸುತ್ತಾ ದೊಡ್ಡ ಟೀಚರಿಗೆ ಅವರ ಭಾಷೆಯಲ್ಲಿ ಹೇಳಿದಳು. ಅರ್ಧಕ್ಕರ್ಧ ಉಚ್ಚಾರ ತಪ್ಪಿತು. ಯಾರೂ ನಗಲಿಲ್ಲ.

ಅಮ್ಮನ ಕೈ ಕೆಳಗಿಳಿಯಿತು. ಆಕೆ ಮಗಳ ತಲೆ ಸವರುತ್ತಾ ಹೊರಟುಹೋದಳು.

ದೊಡ್ಡ ಟೀಚರ್ ಮೇಜಿನ ಕಡೆ ತಿರುಗಿದರು. “ನಾನು ಅಷ್ಟೊಂದು ಚಿತ್ರ ಬರೆದೆ,” ಅಂದರು. “ನೀವು ಪಕ್ಕದಲ್ಲೇ ನಿಂತಿದ್ರಿ.” ಅಷ್ಟೇ ಅಂದು ಮೇಜಿನ ದೀಪ ಆರಿಸಿದರು.

“ಹೋಗ್ಲಿ ಬಿಡೇ, ಮಕ್ಕಳು ಮರ್ತುಬಿಡ್ತಾವೆ,” ಅಂದಳು ಚಿಕ್ಕಮ್ಮ, ರಾತ್ರಿ ಮನೆಯಲ್ಲಿ ವಿಷಯ ಕೇಳಿ. ತಟ್ಟೆ ಮುಂದೆ ಕೂತ ಚಿಕ್ಕ ಟೀಚರ್ ತುತ್ತು ಎತ್ತಲಿಲ್ಲ.

ಮರುದಿನ ಅವಳು ತಾನಾಗಿಯೇ ಪರೀಕ್ಷಕರಿಗೆ ಫೋನ್ ಮಾಡಿ ನಡೆದದ್ದು ನಡೆದಂತೆ ಹೇಳಿದಳು. ಹಾಕಿದ ಅಂಕ ಇಳಿಯಿತು. ಪಾಸಾದಳು, ಅಷ್ಟೆ. ದೊಡ್ಡ ಟೀಚರ್ ಅವಳನ್ನು ಕ್ಲಾಸಿನಿಂದ ತೆಗೆಯಲಿಲ್ಲ. ದಿನವೂ ಗುಬ್ಬಿಯ ಪಕ್ಕ ಕೂತು ಪಾಠವನ್ನು ಅದರ ಭಾಷೆಯಲ್ಲಿ ಹೇಳುವ ಕೆಲಸ ಕೊಟ್ಟರು. ಗುಬ್ಬಿಯ ಅಮ್ಮ ಕೂಡ ಕೆಲವು ದಿನ ಮುಖ ಬಿಗಿಹಿಡಿದು, ಆಮೇಲೆ ಮೆತ್ತಗಾಗಿ, ಗೇಟಿನಲ್ಲಿ ಅವಳ ಹತ್ತಿರವೇ ಎಲ್ಲ ಕೇಳತೊಡಗಿದಳು.

ಗುಬ್ಬಿ ಮಾತ್ರ ಬದಲಾಯಿತು. ಹೇಳಿದ್ದನ್ನೆಲ್ಲ ಕೇಳುತ್ತಿತ್ತು, ಬರೆಯುತ್ತಿತ್ತು. ಒಂದು ದಿನ ಆಟದ ಬಯಲಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಚಿಕ್ಕ ಟೀಚರ್ ಓಡಿಹೋಗಿ, “ಎಲ್ಲಿ ಪುಟ್ಟಾ, ತೋರ್ಸು, ತುಂಬಾ ನೋವಾ?” ಅಂದಳು. ಗುಬ್ಬಿ ಕಣ್ಣೊರೆಸಿಕೊಂಡು, ಹೊಸದಾಗಿ ಕಲಿತ ಅಲ್ಲಿನ ಭಾಷೆಯಲ್ಲಿ, “ಏನೂ ಇಲ್ಲ ಟೀಚರ್,” ಅಂದಿತು. ಎದ್ದು, ಕುಂಟುತ್ತಾ ಅಷ್ಟು ದೂರ ನಡೆದು ಹೋಗಿ ದೊಡ್ಡ ಟೀಚರಿಗೆ ಮಂಡಿ ತೋರಿಸಿತು.