ಎರಡು ಮುಚ್ಚಳ

ಸತ್ತೆವ್ವನ ಮುಖ ಕೆಂಪಾಗಿದ್ದನ್ನು ಮೊದಲು ಕಂಡವಳು ಕುಸುಮ. ಬಿಸಿಲಿಗೆ ಹೀಗಾಗಿರಬೇಕು ಅಂದುಕೊಂಡಳು. ಆದರೆ ಬುತ್ತಿ ಬಿಚ್ಚಿ ಉಂಡ ಹೆಂಗಸರೆಲ್ಲ ಶೆಡ್ಡಿನ ನೆರಳಿನಲ್ಲೇ ಕೂತಿದ್ದರು, ಮತ್ತು ವರ್ಷವಿಡೀ ಬಿಸಿಲುಂಡ ಮುಖ ಹೀಗೆ ಕುತ್ತಿಗೆಯಿಂದ ಕಿವಿಯ ತುದಿಯವರೆಗೆ ಉರಿಯುವುದಿಲ್ಲ.

“ಅಕ್ಕಾರ, ಎದಿ ಬಾಳ ಬಡ್ಕೊಳ್ಳಾಕತ್ತೈತ್ರಿ,” ಎಂದಳು ಸತ್ತೆವ್ವ. ಎದ್ದು ನಿಲ್ಲಲು ಹೋದವಳು ಕಂಬ ಹಿಡಿದು ಅಲ್ಲೇ ವಾಂತಿ ಮಾಡಿಕೊಂಡಳು.

“ಯವ್ವಾ!” ಎಂದು ಮಗಳು ಸೀಮಾ ಓಡಿ ಬಂದು ತಾಯಿಯನ್ನು ಹಿಡಿದುಕೊಂಡಳು. ಸೀಮಾ ಅಥಣಿಯ ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದಳು. ಕುಸುಮ ಅವಳಿಗೆ ರಸಾಯನಶಾಸ್ತ್ರ ಕಲಿಸುವ ಮೇಡಂ. ಭಾನುವಾರವಾದ್ದರಿಂದ ಹುಡುಗಿ ತಾಯಿಯ ಜೊತೆ ತೆಲಸಂಗದ ಹೊರಗಿನ ಈ ದ್ರಾಕ್ಷಿ ಪಡಕ್ಕೆ, ಅಂದರೆ ಮೇಡಂ ಮನೆಯವರ ತೋಟಕ್ಕೇ, ಕೂಲಿಗೆ ಬಂದಿದ್ದಳು.

ಅಕ್ಟೋಬರದ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು, ಕತ್ತರಿಸಿದ ಕಡ್ಡಿಗಳ ಕಣ್ಣಿಗೆ ಪೇಸ್ಟ್ ಹಚ್ಚುವ ಕೆಲಸ ನಡೆದಿತ್ತು. ಪೇಸ್ಟ್ ಅಂದರೆ ಹೈಡ್ರೋಜನ್ ಸಯನಮೈಡ್ ಎಂಬ ಔಷಧ. ಹಚ್ಚಿದರೆ ಎಲ್ಲ ಕಣ್ಣೂ ಒಟ್ಟಿಗೆ ಚಿಗುರೊಡೆಯುತ್ತವೆ. ಅಂಗಡಿಯವನು ಕ್ಯಾನು ಕೊಡುವಾಗ ಒಂದು ಮಾತು ಹೇಳಿದ್ದ: ಇದನ್ನು ಮುಟ್ಟಿದವರು ಒಂದು ವಾರ ಹೆಂಡ ಮುಟ್ಟಬಾರದು, ಜೀವಕ್ಕೇ ಕುತ್ತು. ಕುಸುಮಳ ಗಂಡ ಧನಪಾಲ ಅದಕ್ಕೆ ಸುಲಭದ ಉಪಾಯ ಹುಡುಕಿದ. ಗಂಡಾಳು ಒಬ್ಬನೂ ಬೇಡ, ಹತ್ತು ಮಂದಿ ಹೆಣ್ಣಾಳು ಸಾಕು. “ಹೆಣ್ಮಕ್ಕಳಿಗೆ ಆ ತಾಪತ್ರಯನ ಇಲ್ಲ,” ಎಂದಿದ್ದ. ಹೌದಲ್ಲ ಎಂದು ಕುಸುಮ ನಕ್ಕಿದ್ದಳು. ಕುಡಿಯದವರಿಗೆ ಕುಡಿಯಬೇಡಿ ಅಂತ ಹೇಳುವುದು ಹೇಗೆ? ಹಾಗಾಗಿ ಆ ಹತ್ತು ಮಂದಿಗೆ ಯಾರೂ ಏನೂ ಹೇಳಿರಲಿಲ್ಲ. ಕೈಗವಸು ಕೊಟ್ಟಿದ್ದರು. ಪೇಸ್ಟ್ ಹಚ್ಚುವ ಸ್ಪಂಜು ಜಾರುತ್ತದೆಂದು ಸತ್ತೆವ್ವ ಅದನ್ನು ಬೆಳಿಗ್ಗೆಯೇ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಕುಸುಮ ನೀರಿನ ತಂಬಿಗೆಗೆ ಕೈ ಚಾಚಿದಳು. ತಂಬಿಗೆಯ ಪಕ್ಕದಲ್ಲಿ ದ್ರಾಕ್ಷಾಸವದ ಬಾಟಲಿ ಇತ್ತು. ತಂಬಿಗೆ ಬಿಟ್ಟು ಅದನ್ನೇ ಎತ್ತಿಕೊಂಡಳು.

ಅರ್ಧ ಗಂಟೆಯೂ ಆಗಿರಲಿಲ್ಲ. ಮೈ ಕೈ ನೋವು, ಊಟ ಸೇರುವುದಿಲ್ಲ ಎಂದು ಸತ್ತೆವ್ವ ಗೋಳಾಡಿದ್ದಳು. ಟೈಫಾಯ್ಡ್ ಆದಮೇಲೆ ತಾನು ಕುಡಿಯುತ್ತಿದ್ದ ಬಾಟಲಿಯಿಂದಲೇ ಕುಸುಮ ಎರಡು ಮುಚ್ಚಳ ಸುರಿದು ಕೊಟ್ಟಿದ್ದಳು. “ಶಕ್ತಿ ಬರ್ತೈತಿ, ಕುಡಿ,” ಎಂದಿದ್ದಳು. ಈಗ ಬಾಟಲಿಯನ್ನು ಬೆಳಕಿಗೆ ತಿರುಗಿಸಿದಳು. ಚೀಟಿಯ ಮೂಲೆಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ತಾನಾಗಿ ಹುಟ್ಟಿದ ಆಲ್ಕೋಹಾಲ್ ಶೇಕಡಾ ಹತ್ತರವರೆಗೆ ಎಂದಿತ್ತು. ಲೋಕಕ್ಕೆಲ್ಲ ರಸಾಯನಶಾಸ್ತ್ರ ಹೇಳುವವಳು ತನ್ನ ಔಷಧದ ಚೀಟಿಯನ್ನು ಓದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

“ಗಾಡಿ ತಗೀರಿ,” ಎಂದು ಗಂಡನಿಗೆ ಕೂಗಿದಳು.

ಜೀಪು ಅಥಣಿಯ ಕಡೆ ಓಡಿತು. ಹಿಂದಿನ ಸೀಟಿನಲ್ಲಿ ಸತ್ತೆವ್ವನ ತಲೆ ಮಗಳ ತೊಡೆಯ ಮೇಲೆ, ಕಾಲು ಕುಸುಮಳ ತೊಡೆಯ ಮೇಲೆ. ಆ ಕಾಲು ತಣ್ಣಗಾಗುತ್ತಿತ್ತು. ಎರಡೇ ಮುಚ್ಚಳ, ಎರಡೇ ಮುಚ್ಚಳ ಎಂದು ಕುಸುಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದದ್ದು ಸುಮ್ಮನೆ ಬಿಡುತ್ತದೆಯೇ? ಎರಡು ಮುಚ್ಚಳ ಅಂದರೆ ಮೂವತ್ತು ಮಿಲಿಲೀಟರ್, ಅದರಲ್ಲಿ ಹತ್ತನೆಯ ಒಂದು ಪಾಲು ಆಲ್ಕೋಹಾಲು. ತೂಕ ಎರಡು ಗ್ರಾಂ ಚಿಲ್ಲರೆ. ಆಲ್ಕೋಹಾಲಿನ ಒಂದು ಮೋಲ್ ಅಂದರೆ ನಲವತ್ತಾರು ಗ್ರಾಂ. ಹಾಗಾದರೆ ಮೋಲಿನ ಇಪ್ಪತ್ತನೆಯ ಒಂದು ಭಾಗ. ಅಷ್ಟೇ ತಾನೇ ಅನ್ನುವಷ್ಟರಲ್ಲಿ ಅಣುಗಳ ಲೆಕ್ಕ ಎದ್ದು ನಿಂತಿತು. ಮೂರರ ಮುಂದೆ ಇಪ್ಪತ್ತೆರಡು ಸೊನ್ನೆ. ಸ್ವಲ್ಪ ಅನ್ನುವುದು ನಮ್ಮ ಕಣ್ಣಿಗೆ ಮಾತ್ರ, ಅಣುಗಳಿಗೆ ಸ್ವಲ್ಪ ಅಂತ ಇಲ್ಲ ಎಂದು ಪ್ರತಿ ವರ್ಷ ಜೂನಿನಲ್ಲಿ ಅವಳೇ ಹುಡುಗರನ್ನು ಬೆರಗುಗೊಳಿಸುತ್ತಿದ್ದಳು.

ಮೈಯೊಳಗೆ ಏನು ನಡೆದಿದೆ ಎಂಬುದೂ ಅವಳಿಗೆ ಕಾಣುತ್ತಿತ್ತು, ಕಾಣದಿದ್ದರೆ ಒಳ್ಳೆಯದಿತ್ತು. ಆಲ್ಕೋಹಾಲು ಉತ್ಕರ್ಷಣೆಗೊಂಡು ಮೊದಲು ಒಂದು ವಿಷವಾಗುತ್ತದೆ, ಆ ವಿಷ ಮತ್ತೆ ಉತ್ಕರ್ಷಣೆಗೊಂಡು ಕೆಡುಕಿಲ್ಲದ ಆಮ್ಲವಾಗುತ್ತದೆ. ಬೆರಳುಗಳ ಮೂಲಕ ಒಳಗೆ ಹೋದ ಪೇಸ್ಟು ಆ ಎರಡನೆಯ ಮೆಟ್ಟಿಲನ್ನು ಕಿತ್ತುಹಾಕಿತ್ತು. ವಿಷ ಹುಟ್ಟುತ್ತಿತ್ತು, ಹೋಗುತ್ತಿರಲಿಲ್ಲ.

“ಮೇಡಂ, ನಮ್ಮವ್ವಗ ಏನಾಗೈತ್ರಿ?” ಎಂದಳು ಸೀಮಾ.

ಕುಸುಮ ಮುಂದಿನ ರಸ್ತೆಯತ್ತ ತಿರುಗಿದಳು. “ಬಂತು, ದವಾಖಾನಿ ಬಂತು,” ಎಂದಳು. ದವಾಖಾನೆ ಇನ್ನೂ ಮೂರು ಹರದಾರಿ ದೂರವಿತ್ತು.

ಸ್ಟ್ರೆಚರಿನ ಹತ್ತಿರ ಬಂದ ಡಾಕ್ಟರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು.

“ಬಿಸಲ ಬಡದೈತ್ರಿ ಸಾಹೇಬ್ರ,” ಎಂದ ಧನಪಾಲ, ಯಾರೂ ಕೇಳುವ ಮೊದಲೇ.

“ಬಿ.ಪಿ. ಎಪ್ಪತ್ತಕ್ಕ ಇಳದೈತಿ. ಬಿಸಲಲ್ಲ ಇದು.” ಡಾಕ್ಟರು ಸತ್ತೆವ್ವನ ಪೇಸ್ಟ್ ಮೆತ್ತಿದ ಬೆರಳು ನೋಡಿದರು. “ದ್ರಾಕ್ಷಿ ಪೇಸ್ಟಿಂಗ್ ಮಾಡ್ತಿದ್ರ? ಹಾಂ. ಏನರ ಕುಡದಾರೇನು?”

“ನಮ್ಮವ್ವ ಜಲ್ಮದಾಗ ಕುಡದಾಕಿ ಅಲ್ರಿ!” ಸೀಮಾಳ ದನಿ ಏರಿತು. ಬಾಗಿಲಲ್ಲಿದ್ದ ನಾಲ್ಕು ಮಂದಿ ತಿರುಗಿ ನೋಡಿದರು.

ಧನಪಾಲ ನೆಲ ನೋಡುತ್ತಿದ್ದ. ಹೇಳದಿದ್ದರೆ ಇವಳು ಸಾಯುತ್ತಾಳೆ ಎಂದು ಕುಸುಮಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೇಳಿದರೆ ಕಾಲೇಜು, ಪೊಲೀಸು, ಊರ ಬಾಯಿ ಎಲ್ಲ ಇದ್ದವು.

“ಕುಡದಾರ್ರಿ,” ಎಂದಳು. “ದ್ರಾಕ್ಷಾಸವ. ಎರಡ ಮುಚ್ಚಳ. ಅದರಾಗ ಆಲ್ಕೋಹಾಲ್ ಇರ್ತೈತಿ.”

ಅಷ್ಟು ಸಾಕಾಯಿತು ಡಾಕ್ಟರಿಗೆ. ಸಲಾಯಿನ್, ಆಮ್ಲಜನಕ, ಸೂಜಿ ಎಂದು ಓಡಾಟ ಶುರುವಾಯಿತು. ಯಾರು ಕೊಟ್ಟರು ಎಂದು ಅವರು ಕೇಳಲಿಲ್ಲ. ಕುಸುಮ ಹೇಳಲಿಲ್ಲ. ಸೀಮಾ ಮಾತ್ರ ಅವಳ ಮುಖವನ್ನು ನೋಡುತ್ತ ನಿಂತಿದ್ದಳು.

ಆಮೇಲೆ ಕಾಯುವುದು. ಆ ಮೂರು ತಾಸು ಕುಸುಮ ಯಂತ್ರದ ಅಂಕಿಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಎಪ್ಪತ್ತೆರಡು. ಅರವತ್ತೆಂಟು. ಣಮೋಕಾರ ಮಂತ್ರ ಅರ್ಧಕ್ಕೆ ಮರೆತು ಮತ್ತೆ ಮೊದಲಿಂದ ಹೇಳಿದಳು. ಎಂಬತ್ತು. ಮತ್ತೆ ಎಪ್ಪತ್ತಾರು. ನಾಲ್ಕೂವರೆಗೆ ತೊಂಬತ್ತೆಂಟು ಬಂದು ನಿಂತಿತು. ಡಾಕ್ಟರು, “ಪಾರಾದ್ರು,” ಎಂದು ಹೇಳಿ ಬೇರೆ ವಾರ್ಡಿಗೆ ಹೋದರು.

ಸತ್ತೆವ್ವ ಕಣ್ಣು ಬಿಟ್ಟಾಗ ಆಯಾ ಒಬ್ಬಳು ಪಕ್ಕದ ಹಾಸಿಗೆಯವಳಿಗೆ ಹೇಳುತ್ತಿದ್ದಳು: “ಕುಡದ ಕೇಸ ಬೇ. ಹೆಣ್ಮಗಳಾಗಿ, ನೋಡ.”

ಸತ್ತೆವ್ವ ಕೇಳಿಸಿಕೊಂಡಳು. ಸಾವಿನ ಬಾಯಿಯಿಂದ ಬಂದವಳು ಅದಕ್ಕೆ ಅಳಲಿಲ್ಲ, ಇದಕ್ಕೆ ಅತ್ತಳು. “ಸೀಮಾ, ನಾ ಏನ ಕುಡದೀನಿ? ಊರಾಗ ಹೆಂಗ ಮಾರಿ ತೋರಸ್ಲಿ? ನಿನ್ನ ನಾಳೆ ಯಾರ ತಗೋತಾರ?”

ಸೀಮಾ ಮಂಚದ ಕಾಲಿಗೆ ತೂಗುಬಿಟ್ಟಿದ್ದ ಫೈಲು ತೆಗೆದು ಓದಿದಳು. ಪೇಸ್ಟ್ ಕೆಲಸ, ಆಲ್ಕೋಹಾಲ್ ಸೇವನೆ. ಎರಡೇ ಸಾಲು.

“ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ನಿ, ಮೇಡಂ,” ಎಂದಳು. “ನೀವು ಕೊಡೂಮುಂದ ನಾ ಅಲ್ಲೇ ಕುಂತಿದ್ನಿ.”

“ಸೀಮಾ, ಅದರಾಗ ಅದು ಇರ್ತೈತಿ ಅಂತ ನಂಗ—”

“ಅದಲ್ರಿ. ಪೇಸ್ಟ ಮುಟ್ಟಿದವರು ಕುಡೀಬಾರದು ಅನ್ನೂದು ನಿಮಗ ಗೊತ್ತಿತ್ತೇನ್ರಿ?”

ಕುಸುಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಗೊತ್ತಿತ್ತು.”

“ಮತ್ತ ನಮಗ್ಯಾಕ ಹೇಳಲಿಲ್ರಿ?”

ಕುಸುಮ ಅಲ್ಲಿಂದ ಎದ್ದಳು. ನರ್ಸಿನ ಮೇಜಿನಿಂದ ಒಂದು ಬಿಳಿ ಹಾಳೆ, ಒಂದು ಪೆನ್ನು ಕೇಳಿ ತಂದಳು. ನಡೆದದ್ದನ್ನು ಡಾಕ್ಟರಿಗೆ ಬರೆದು ಕೊಟ್ಟರೆ ಫೈಲಿಗೆ ಸೇರಿಸುತ್ತೇನೆ ಎಂದಳು ನರ್ಸು.

ಬಾಗಿಲಲ್ಲಿದ್ದ ಧನಪಾಲ ಒಳಗೆ ಬಂದ. “ಕುಸುಮಾ, ಜೀವ ಉಳೀತಲ್ಲ. ಈಗ ಇದೆಲ್ಲಾ ಬರದ ಕೈ ಕೊಯ್ಕೊಳ್ಳೂದ್ಯಾಕ?”

ಕುಸುಮ ಹಾಸಿಗೆಯ ಅಂಚಿನಲ್ಲಿ ಕೂತು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಸೀಮಾ ಅವಳ ಭುಜದ ಮೇಲಿಂದ ಬಗ್ಗಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದಳು: ಸತ್ತೆವ್ವ ಕುಡಿಯುವವಳಲ್ಲ. ದ್ರಾಕ್ಷಾಸವ ಕೊಟ್ಟವಳು ನಾನು. ಪೇಸ್ಟ್ ಮುಟ್ಟಿದವರು ಕುಡಿಯಬಾರದು ಎಂದು ನನಗೆ ಗೊತ್ತಿತ್ತು, ಹೇಳಿರಲಿಲ್ಲ. ಪಕ್ಕದ ಹಾಸಿಗೆಯವಳು ಎದ್ದು ಕೂತಳು, ಆಯಾ ಕಸಬರಿಗೆ ಹಿಡಿದು ನಿಂತಳು. ಅಕ್ಷರ ಬಾರದ ಸತ್ತೆವ್ವ ಅಳು ನಿಲ್ಲಿಸಿ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು.