ಬಲಕ್ಕೆ ತಿರುಗಿಸಿದ ಮರ

ಉದಗೀರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಉಜ್ವಲಾ, ರಕ್ತದಾನಿಗಳ ಗುಂಪಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಉಮರ್ಗಾ, ನಿಲಂಗಾ, ಉದಗೀರ, ದೇವಣಿ ನಾಲ್ಕೂ ತಾಲೂಕಿನ ದಾನಿಗಳು ಅದರೊಳಗಿದ್ದರು. ನೋಂದಣಿ ನಂಬರಿನ ಪ್ರಕಾರ ಹೆಸರುಗಳನ್ನು ಮರದ ಹಾಗೆ ಜೋಡಿಸಿದ್ದಳು: ಸಣ್ಣ ನಂಬರು ಎಡಕ್ಕೆ, ದೊಡ್ಡದು ಬಲಕ್ಕೆ. ಆದರೆ ನಂಬರು ಕೊಡುವುದೇ ಏರಿಕೆಯಲ್ಲಿ. ಹೊಸದೆಲ್ಲ ಬಲಕ್ಕೇ ಬಿದ್ದು ಮರ ಹಗ್ಗದಂಥ ಒಂದೇ ಸಾಲಾಯಿತು. ಹೆಸರು ನಾಲ್ಕು ಸಾವಿರ ದಾಟಿದ ಮೇಲೆ, ಹುಡುಕಲು ಹೋದರೆ ಪ್ರೋಗ್ರಾಂ ನಿಂತೇಬಿಡುತ್ತಿತ್ತು.

ದೀಪಾವಳಿ ರಜೆಯಲ್ಲಿ ಕೂತು, ಅದನ್ನು ತಾನೇ ಸಮತೋಲ ಕಾಯ್ದುಕೊಳ್ಳುವ ಮರವಾಗಿ ಬದಲಿಸಿದಳು. ಬಲಬದಿ ಹೆಚ್ಚು ಆಳಕ್ಕಿಳಿದರೆ ಆ ಕೊಂಬೆಯನ್ನು ಎಡಕ್ಕೆ ತಿರುಗಿಸಬೇಕು, ಎಡಬದಿ ಇಳಿದರೆ ಬಲಕ್ಕೆ. ಏರುವ ನಂಬರುಗಳನ್ನೇ ಹಾಕಿ ಪರೀಕ್ಷಿಸಿದಳು; ಮರ ಎಡಕ್ಕಷ್ಟೇ ತಿರುಗಿತು, ಎಲ್ಲ ಸರಿಯಿತ್ತು. ಗುಂಪಿನ ಮುಖ್ಯಸ್ಥ ಸಿದ್ಧೇಶ್ವರ ಸಭೆಯಲ್ಲಿ ಆಕೆಗೆ ಶಾಲು ಹೊದಿಸಿದ. ಜನವರಿಯಲ್ಲಿ ಊರು ಬಿಟ್ಟುಹೋದ ಕೆಲವರ ಹೆಸರು ತೆಗೆದಳು. ಬಲಬದಿ ಹಗುರಾಗಿ, ಮರ ಮೊದಲ ಸಲ ಬಲಕ್ಕೆ ತಿರುಗಿತು. ಅದು ಯಾರ ಗಮನಕ್ಕೂ ಬರಲಿಲ್ಲ.

ಮಾರ್ಚಿನಲ್ಲಿ ನಿಲಂಗಾದ ಚಂಪಾಬಾಯಿಯನ್ನು ಉದಗೀರಕ್ಕೆ ತಂದು ಆಪರೇಷನ್ ಮಾಡಿದರು. ರಕ್ತ ನಿಲ್ಲಲಿಲ್ಲ. ಓ ನೆಗೆಟಿವ್ ಬೇಕಿತ್ತು. ಆಕೆಯ ಮಗಳು ಗುಂಪಿನ ಪಟ್ಟಿಯಲ್ಲಿ ಹುಡುಕಿದಾಗ ಮೂರೇ ಹೆಸರು ಬಂದವು. ಒಬ್ಬ ಪುಣೆಯಲ್ಲಿದ್ದ, ಒಬ್ಬ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದ, ಇನ್ನೊಬ್ಬನಿಗೆ ಜ್ವರ. ಲಾತೂರಿನಿಂದ ರಕ್ತದ ಚೀಲ ಬರುವಷ್ಟರಲ್ಲಿ ಚಂಪಾಬಾಯಿಯ ಉಸಿರು ನಿಂತಿತ್ತು.

ಹದಿನೈದು ದಿನದ ಮೇಲೆ ವಲಾಂಡಿಯ ಕಾಶೆಪ್ಪ ಎಂಬ ರೈತ ಉಜ್ವಲಾಗೆ ಫೋನ್ ಮಾಡಿದ. ದೇವಣಿ ಬಜಾರಿನಲ್ಲಿ ಚಂಪಾಬಾಯಿಯ ಸುದ್ದಿ ಕೇಳಿದ್ದನಂತೆ.

"ನಂದೂ ಅದೇ ರಕ್ತ ಅದ ರೀ ಬಾಯಿ. ಆ ದಿನಾ ಮನ್ಯಾಗೇ ಇದ್ದೆ. ನನಗ್ಯಾಕ ಫೋನ್ ಬರಲಿಲ್ಲ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಉಜ್ವಲಾ ಮರದಲ್ಲಿ ಅವನ ನೋಂದಣಿ ನಂಬರು ಹುಡುಕಿದಳು, ಇರಲಿಲ್ಲ. ಕಾಗದದ ಅರ್ಜಿಗಳೊಂದಿಗೆ ತಾಳೆ ನೋಡಿದರೆ ಹನ್ನೊಂದು ಹೆಸರು ಕಾಣೆಯಾಗಿದ್ದವು. ಬಲಕ್ಕೆ ತಿರುಗಿಸುವಾಗ ನಡುವಿನ ಸಣ್ಣ ಕೊಂಬೆಯನ್ನು ಒಂದು ಕಡೆಯಿಂದ ಬಿಡಿಸಿ ಇನ್ನೊಂದು ಕಡೆ ಸಿಕ್ಕಿಸಬೇಕು. ಬಿಡಿಸುವ ಸಾಲು ಬರೆದಿದ್ದಳು, ಸಿಕ್ಕಿಸುವ ಸಾಲು ಬರೆದಿರಲಿಲ್ಲ. ವರ್ಷವರ್ಷವೂ ಮಕ್ಕಳಿಗೆ ಬೋರ್ಡಿನ ಮೇಲೆ ತೋರಿಸುತ್ತಿದ್ದ ಸಾಲು ಅದು.

ಯಾರಿಗೂ ಹೇಳುವುದು ಬೇಡ, ರಕ್ತ ಸಿಕ್ಕಿದ್ದರೂ ಕಷ್ಟವಿತ್ತೆಂದು ಡಾಕ್ಟರೇ ಅಂದಿದ್ದಾರೆ ಎಂದ ವಿಷಯ ಕೇಳಿದ ಸಿದ್ಧೇಶ್ವರ. ಒಂದು ದಿನವಿಡೀ ಆಕೆ ಆ ಮಾತನ್ನೇ ಹಿಡಿದುಕೊಂಡಿದ್ದಳು. ಮರುದಿನ ನಿಲಂಗಾದ ಬಸ್ ಹತ್ತಿದಳು.

ಚಂಪಾಬಾಯಿಯ ಗಂಡ ಮಾಣಿಕಪ್ಪ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಮರದ ಮಾತು ಅವನ ತಲೆಗೆ ಹತ್ತಲಿಲ್ಲ. ಹೆಸರು ಬಿದ್ದುಹೋಗಿದ್ದು ಅರ್ಥವಾಯಿತು.

"ಆ ವಲಾಂಡಿಯಾಂವ ಬಂದಿದ್ರ ಆಕಿ ಉಳೀತಿದ್ಲೇನು?"

"ಗೊತ್ತಿಲ್ಲ ಕಾಕಾ. ಕರೀಲಿಕ್ಕೆ ಒಬ್ಬರಾದ್ರೂ ಇರ್ತಿದ್ರು."

ಅವನಿಂದ ಕ್ಷಮೆಯ ಮಾತೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಕೊನೆಗೆ ಒಳಬಾಗಿಲ ಕಡೆ ನೋಡಿದ.

"ನನ್ನ ಮಗಳಿಗೂ ಹೇಳ್ರಿ. ಸರಿಯಾಗಿ ಹುಡುಕಲಿಲ್ಲ ಅಂತ ತನ್ನನ್ನ ತಾನೇ ಬೈಕೋತ ಕುಂತಾಳ."

ಶಿವಾನಿ ಎಂದು ಕೂಗಿದ. ಹಿಟ್ಟಿನ ಕೈಯಲ್ಲೇ ಹುಡುಗಿ ಹೊರಗೆ ಬಂದು ನಿಂತಳು. ಉಜ್ವಲಾ ಎದ್ದು ನಿಂತು ಮೊದಲಿನಿಂದ ಹೇಳತೊಡಗಿದಳು.